ಅಪ್ಪ-ಅಮ್ಮನ ಗ್ರೀನ್ ಕಾರ್ಡ್: ಅರ್ಜಿ ಅಲ್ಲಿಂದ, ಕಾಗದ ಇಲ್ಲಿಂದ

(ಅಮೆರಿಕದಲ್ಲಿ ಮಕ್ಕಳು, ಸೊಸೆ, ಅಳಿಯ ಇರುವ ಕುಟುಂಬಗಳಿಗಾಗಿ ಬೆಂಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಹೆಚ್ಚಿನವರ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. ಕೆಲವರ ಮನೆಯಲ್ಲಿ ಮದುವೆಯಾದ ಹುಡುಗ ಅಲ್ಲಿ, ಹುಡುಗಿ ಇಲ್ಲಿ. "ಅರ್ಜಿ ಹಾಕೋನು ಅವನು, ಫೀಸು ಕಟ್ಟೋನು ಅವನು, ನಮ್ಮದೇನಿದೆ?" ಎಂದು ಹಿರಿಯರು ಕೇಳುತ್ತಾರೆ. ಅರ್ಜಿ ಹೋಗುವುದು ಅಮೆರಿಕದಿಂದಲೇ, ನಿಜ. ಆದರೆ ಅದು ನಿಲ್ಲಬೇಕಾದದ್ದು ಇಲ್ಲಿಯ ಕಾಗದಗಳ ಮೇಲೆ: ಜನನ ಪ್ರಮಾಣ ಪತ್ರ, ಮದುವೆ ನೋಂದಣಿ, ಪಾಸ್‌ಪೋರ್ಟಿನಲ್ಲಿರುವ ಹೆಸರು. ತಿಂಗಳುಗಟ್ಟಲೆ ತಡವಾಗುವ ಅರ್ಜಿಗಳನ್ನು ಬಿಚ್ಚಿ ನೋಡಿದರೆ ಕಾರಣ ಬಹುಪಾಲು ಇಲ್ಲೇ ಸಿಗುತ್ತದೆ. ಬಂಧುವಿಗೆ ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲಿ ಕಾಯಂ ವಾಸದ ಅನುಮತಿ, ಕೇಳಲು ಹಾಕುವ ಮೊದಲ ಅರ್ಜಿಯಾದ ಐ-130 ಫಾರಂ ಅನ್ನು ಮಗ ತುಂಬುವ ಮೊದಲೇ ನೀವು ಇಲ್ಲಿಯ ಕಾಗದ ಹೊಂದಿಸಿ ಇಟ್ಟುಕೊಳ್ಳಬೇಕು. ಇವತ್ತು ನಾವು ಮುಖ್ಯವಾಗಿ ಹೇಳಲು ಬಂದಿರುವುದು ಇದನ್ನೇ.

ಮೊದಲು ಯಾರು ಯಾರಿಗೆ ಅರ್ಜಿ ಹಾಕಬಹುದು ಎನ್ನುವುದು. ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿರುವ ಮಗ ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಕೊಡಿಸಲಾರ. ಗ್ರೀನ್ ಕಾರ್ಡ್ ಇರುವ ಮಗನೂ ಕೊಡಿಸಲಾರ. ಅಪ್ಪ-ಅಮ್ಮನಿಗೆ ಅರ್ಜಿ ಹಾಕಲು ಅವನು ಅಮೆರಿಕದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು. ಪ್ರಜೆಯ ಗಂಡ ಅಥವಾ ಹೆಂಡತಿ, 21 ವರ್ಷದೊಳಗಿನ ಮದುವೆಯಾಗದ ಮಕ್ಕಳು, ಅಪ್ಪ, ಅಮ್ಮ, ಇಷ್ಟು ಜನಕ್ಕೆ ವೀಸಾ ಸಂಖ್ಯೆಯ ಮಿತಿ ಇಲ್ಲ. ಇವರು ಕಾಯುವುದು ಕಚೇರಿಯ ಕೆಲಸ ಮುಗಿಯುವಷ್ಟು ಕಾಲ ಮಾತ್ರ.

ಉಳಿದವರಿಗೆಲ್ಲ ಸರದಿ ಇದೆ. ಗ್ರೀನ್ ಕಾರ್ಡ್ ಇರುವವರ ಗಂಡ, ಹೆಂಡತಿ, ಚಿಕ್ಕ ಮಕ್ಕಳು ಎಫ್2ಎ ವರ್ಗ. ಅವರ ಮದುವೆಯಾಗದ ದೊಡ್ಡ ಮಕ್ಕಳು ಎಫ್2ಬಿ. ಪ್ರಜೆಗಳ ಮದುವೆಯಾಗದ ದೊಡ್ಡ ಮಕ್ಕಳು ಎಫ್1, ಮದುವೆಯಾದವರು ಎಫ್3, ಅಣ್ಣ-ತಮ್ಮ-ಅಕ್ಕ-ತಂಗಿಯರು ಎಫ್4. ಎಫ್4ಕ್ಕೆ ವರ್ಷಕ್ಕೆ ಇಡೀ ಜಗತ್ತಿಗೆ ಸೇರಿ 65,000 ವೀಸಾ, ಅದರ ಮೇಲೆ ಒಂದೊಂದು ದೇಶಕ್ಕೂ ಮಿತಿ. ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ, 2025ರಲ್ಲಿ ಭಾರತದ ಎಫ್4 ಸಾಲು ಇನ್ನೂ 2006ರ ಅರ್ಜಿಗಳ ಹತ್ತಿರ ಇತ್ತು. ಅಂದರೆ ಇವತ್ತು ಅಣ್ಣ ತಂಗಿಗೆ ಅರ್ಜಿ ಹಾಕಿದರೆ ಅದು ಫಲ ಕೊಡುವ ಹೊತ್ತಿಗೆ ತಂಗಿಯ ಮಕ್ಕಳು ಕಾಲೇಜು ಮುಗಿಸಿರುತ್ತಾರೆ. ಹಾಗೆಂದು ಹಾಕಬೇಡಿ ಎನ್ನುತ್ತಿಲ್ಲ. ಅದನ್ನು ನಂಬಿಕೊಂಡು ಇಲ್ಲಿಯ ಕೆಲಸ, ಮನೆ, ಮಕ್ಕಳ ಓದು ಯಾವುದನ್ನೂ ಮುಂದೂಡಬೇಡಿ.

ಕಾಯುವಾಗ ಮಕ್ಕಳ ವಯಸ್ಸು 21 ದಾಟಿದರೆ ಏನು ಎಂಬ ಪ್ರಶ್ನೆ ಸಹಜ. 2002ರಲ್ಲಿ ಬಂದ ಸಿಎಸ್‌ಪಿಎ ಕಾನೂನಿನ ಪ್ರಕಾರ, ವೀಸಾ ಸರದಿ ಬಂದ ದಿನದ ವಯಸ್ಸಿನಿಂದ ಐ-130 ಅರ್ಜಿ ತೀರ್ಮಾನವಾಗದೆ ಕೂತಿದ್ದ ಅವಧಿಯನ್ನು ಕಳೆಯುತ್ತಾರೆ. ಆರು ವರ್ಷ ಕೂತಿದ್ದರೆ ಆರು ವರ್ಷ ಕಳೆಯುತ್ತದೆ. ಹೀಗಾಗಿ ಎಫ್4ರಲ್ಲಿ ಅರ್ಜಿ ನಿಧಾನವಾಗಿ ಮಂಜೂರಾದಷ್ಟೂ ಮಕ್ಕಳಿಗೆ ಅನುಕೂಲ. ಬೇಗ ಮಂಜೂರು ಮಾಡಿ ಎಂದು ಒತ್ತಡ ಹಾಕಬೇಡಿ.

ಇನ್ನು ನಮ್ಮ ಮನೆಗಳಲ್ಲಿ ಪದೇಪದೇ ಆಗುವ ಅನಾಹುತ. ಅಮ್ಮನಿಗೆ ಗ್ರೀನ್ ಕಾರ್ಡ್ ಬಂದ ಮೇಲೆ, ಇಲ್ಲೇ ಉಳಿದ ಕಿರಿಯ ಮಗಳಿಗೆ ಅಮ್ಮ ಎಫ್2ಬಿಯಲ್ಲಿ ಅರ್ಜಿ ಹಾಕುತ್ತಾರೆ. ನಡುವೆ ಒಳ್ಳೆಯ ಸಂಬಂಧ ಬರುತ್ತದೆ, ಮದುವೆ ಮಾಡುತ್ತಾರೆ. ಗ್ರೀನ್ ಕಾರ್ಡ್ ಇರುವವರ ಮದುವೆಯಾದ ಮಕ್ಕಳಿಗೆ ಯಾವ ವರ್ಗವೂ ಇಲ್ಲ, ಆದ್ದರಿಂದ ತಾಳಿ ಕಟ್ಟಿದ ದಿನವೇ ಆ ಅರ್ಜಿ ಸತ್ತಂತೆ. ಮುಂದೆ ಅಮ್ಮ ಪ್ರಜೆಯಾದರೂ ಆ ಹಳೆಯ ಅರ್ಜಿ ಜೀವ ಪಡೆಯುವುದಿಲ್ಲ, ಹೊಸದು ಹಾಕಬೇಕು. ಅಮ್ಮ ಮೊದಲು ಪ್ರಜೆಯಾಗಿ ಆಮೇಲೆ ಮಗಳ ಮದುವೆಯಾದರೆ ಅರ್ಜಿ ಎಫ್3ಕ್ಕೆ ಜಾರುತ್ತದೆ, ಹಳೆಯ ತಾರೀಖು ಉಳಿಯುತ್ತದೆ. ಮದುವೆ ಯಾವಾಗ ಎನ್ನುವುದು ನಿಮ್ಮ ಮನೆಯ ವಿಷಯ. ಮುಹೂರ್ತ ಇಡಿಸುವ ಮೊದಲು ಈ ಲೆಕ್ಕ ಮಾತ್ರ ಗೊತ್ತಿರಲಿ.

ಇನ್ನೊಂದು. ಅಪ್ಪ-ಅಮ್ಮ ಇಬ್ಬರಿಗೂ ಸೇರಿ ಒಂದೇ ಅರ್ಜಿ ಸಾಲದು. ಒಬ್ಬೊಬ್ಬರಿಗೆ ಒಂದೊಂದು ಐ-130 ಬೇಕು. ಅವರ ಜೊತೆ 17 ವರ್ಷದ ತಂಗಿಯನ್ನು ಸೇರಿಸಿ ಕರೆದುಕೊಂಡು ಹೋಗಲೂ ಆಗುವುದಿಲ್ಲ, ಏಕೆಂದರೆ ಈ ವರ್ಗದಲ್ಲಿ ಅವಲಂಬಿತರಿಗೆ ಜಾಗವಿಲ್ಲ. ಪ್ರಜೆಯ ಹೆಂಡತಿಗೂ ಇದೇ ನಿಯಮ, ಮಕ್ಕಳಿದ್ದರೆ ಅವರಿಗೆ ಬೇರೆ ಅರ್ಜಿ. ಗ್ರೀನ್ ಕಾರ್ಡ್ ಇದ್ದಾಗ ಹೆಂಡತಿ-ಮಗುವಿಗೆ ಒಂದೇ ಎಫ್2ಎ ಅರ್ಜಿ ಹಾಕಿ, ಆಮೇಲೆ ಪ್ರಜೆಯಾಗುವವರು ಇಲ್ಲಿ ಎಡವುತ್ತಾರೆ. ಹೆಂಡತಿಯ ಅರ್ಜಿ ಮೇಲಿನ ವರ್ಗಕ್ಕೆ ಏರುತ್ತದೆ, ಅದರಲ್ಲಿ ಅವಲಂಬಿತನಾಗಿದ್ದ ಮಗು ಹೊರಗೆ ಉಳಿಯುತ್ತದೆ. ಪೌರತ್ವದ ಪ್ರಮಾಣ ಸ್ವೀಕರಿಸಿದ ಕೂಡಲೇ ಮಗುವಿನ ಹೆಸರಿನಲ್ಲಿ ಪ್ರತ್ಯೇಕ ಐ-130 ಹಾಕಬೇಕು.

ದಾರಿ ಹೀಗಿದೆ. ಮಗ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ಐ-130 ಹಾಕುತ್ತಾನೆ. ಅದು ಮಂಜೂರಾದ ಮೇಲೆ ಕಡತ ಎನ್‌ವಿಸಿ ಎಂಬ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿಂದ ಬಿಎಂಬಿ ಎಂದು ಶುರುವಾಗುವ ಕೇಸ್ ನಂಬರ್ ಬರುತ್ತದೆ, ಅಂದರೆ ಬಾಂಬೆ, ಈಗಿನ ಮುಂಬೈ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತಲ್ಲ, ಸಂದರ್ಶನ ಇಲ್ಲೇ ಆಗುತ್ತದೆಯಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲ. ಬೆಂಗಳೂರಿನವರು ಇಮಿಗ್ರಂಟ್ ವೀಸಾ ಸಂದರ್ಶನಕ್ಕೆ ಹೋಗುವುದು ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿರುವ ಕಾನ್ಸುಲೇಟಿಗೆ. ವಯಸ್ಸಾದವರ ಪ್ರಯಾಣ, ವಸತಿ, ಜೊತೆಗೆ ಯಾರು ಹೋಗುತ್ತಾರೆ ಎನ್ನುವುದನ್ನು ಮೊದಲೇ ಯೋಚಿಸಿ.

ಖರ್ಚಿನ ಲೆಕ್ಕ. 2024ರ ಏಪ್ರಿಲ್ 1ರಿಂದ ಐ-130 ಆನ್‌ಲೈನಿನಲ್ಲಿ ಹಾಕಿದರೆ 625 ಡಾಲರ್, ಕಾಗದದಲ್ಲಿ 675. ಎನ್‌ವಿಸಿಗೆ ವೀಸಾ ಶುಲ್ಕ 325, ಆರ್ಥಿಕ ಬೆಂಬಲದ ಅಫಿಡವಿಟ್ ಪರಿಶೀಲನೆಗೆ 120. ವೀಸಾ ಬಂದ ಮೇಲೆ ಯುಎಸ್‌ಸಿಐಎಸ್ ಶುಲ್ಕ 235. ಆನ್‌ಲೈನಿನಲ್ಲಿ ಹಾಕಿದರೆ ಒಬ್ಬರಿಗೆ ಒಟ್ಟು 1305 ಡಾಲರ್. ವೈದ್ಯಕೀಯ ಪರೀಕ್ಷೆ, ಲಸಿಕೆ, ಮುಂಬೈ ಪ್ರಯಾಣ ಇದರ ಹೊರಗೆ. ಶುಲ್ಕವೂ ಫಾರಂನ ಆವೃತ್ತಿಯೂ ಬದಲಾಗುತ್ತಿರುತ್ತವೆ, ಹಾಕುವ ದಿನವೇ ಅಧಿಕೃತ ಜಾಲತಾಣ ನೋಡಿ. ಹಳೆಯ ಆವೃತ್ತಿಯ ಫಾರಂ ಕಳಿಸಿದರೆ ಹಾಗೆಯೇ ವಾಪಸ್ ಬರುತ್ತದೆ.

ಈಗ ಕಾಗದಗಳಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇವೆ, ಏಕೆಂದರೆ ನಿಮ್ಮ ಕೈಯಲ್ಲಿರುವ ಕೆಲಸ ಇದು.

ಅಮ್ಮನಿಗೆ ಅರ್ಜಿ ಹಾಕುವಾಗ ಮೊದಲು ನೋಡುವುದು ಮಗನ ಜನನ ಪ್ರಮಾಣ ಪತ್ರ. ಅದರಲ್ಲಿ ಅಮ್ಮನ ಹೆಸರು ಇರಬೇಕು. ಅಪ್ಪನಿಗಾದರೆ ಮಗನ ಜನನ ಪತ್ರದ ಜೊತೆ ಅಪ್ಪ-ಅಮ್ಮನ ಮದುವೆಯ ದಾಖಲೆಯೂ ಬೇಕು. ಅಣ್ಣ-ತಂಗಿ ಆದರೆ ಇಬ್ಬರ ಜನನ ಪತ್ರ, ಎರಡರಲ್ಲೂ ಅದೇ ತಂದೆ ಅಥವಾ ತಾಯಿಯ ಹೆಸರು. ಇದಲ್ಲದೆ ಎನ್‌ವಿಸಿ ಹಂತದಲ್ಲಿ ಅಪ್ಪ-ಅಮ್ಮನ ಸ್ವಂತ ಜನನ ಪತ್ರ ಕೇಳುತ್ತಾರೆ. 1950ರ ಸುಮಾರಿಗೆ ಹಳ್ಳಿಯಲ್ಲಿ, ಮನೆಯಲ್ಲೇ ಹುಟ್ಟಿದವರ ಜನನ ಎಷ್ಟೋ ಕಡೆ ಯಾವ ರಿಜಿಸ್ಟರಿನಲ್ಲೂ ಇಲ್ಲ. ಜನನ-ಮರಣ ನೋಂದಣಿಯ ಕೇಂದ್ರ ಕಾಯ್ದೆಯೇ 1969ರದ್ದು, ಜಾರಿಗೆ ಬಂದದ್ದು 1970ರಲ್ಲಿ. ಅಮೆರಿಕದವರಿಗೂ ಇದು ಗೊತ್ತು. ಆದ್ದರಿಂದ ಅವರು ಒಪ್ಪುವ ಬದಲಿ ದಾರಿ ಇದೆ: ದಾಖಲೆ ಲಭ್ಯವಿಲ್ಲ ಎಂದು ಹುಟ್ಟಿದ ಊರಿನ ನೋಂದಣಿ ಅಧಿಕಾರಿ ಕೊಡುವ ಪ್ರಮಾಣ ಪತ್ರ, ಅದರ ಜೊತೆ ಪೂರಕ ಸಾಕ್ಷ್ಯ. ಮೊದಲನೆಯದನ್ನು ಎಲ್ಲರೂ ಎನ್ಎಬಿಸಿ ಎನ್ನುತ್ತಾರೆ. ಜನನ-ಮರಣ ನೋಂದಣಿ ನಿಯಮಗಳಲ್ಲಿ ಅದು ನಮೂನೆ 10.

ಎನ್ಎಬಿಸಿ ಕೊಡಬೇಕಾದವರು ಈಗ ನೀವಿರುವ ಊರಿನ ಅಧಿಕಾರಿಯಲ್ಲ. ಜಯನಗರದಲ್ಲಿ ನಲವತ್ತು ವರ್ಷದಿಂದ ಇದ್ದರೂ ಹುಟ್ಟಿದ್ದು ತಿಪಟೂರು ತಾಲ್ಲೂಕಿನ ಹಳ್ಳಿಯಲ್ಲಾದರೆ ಅಲ್ಲಿಗೇ ಹೋಗಬೇಕು. ಪತ್ರದಲ್ಲಿ ಹೆಸರು, ತಂದೆ-ತಾಯಿಯ ಹೆಸರು, ಹುಟ್ಟಿದ ತಾರೀಖು, ಊರು ನಾಲ್ಕೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಸಿಕೊಳ್ಳಿ. ಕೌಂಟರ್ ಬಿಡುವ ಮೊದಲು ಅಲ್ಲೇ ನಿಂತು ಅಕ್ಷರ ಅಕ್ಷರ ಓದಿ ನೋಡಿ.

ಪೂರಕ ಸಾಕ್ಷ್ಯ ಎಂದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಶಾಲೆಯ ವರ್ಗಾವಣೆ ಪತ್ರ, ಸರ್ಕಾರಿ ನೌಕರಿಯಲ್ಲಿದ್ದರೆ ಸೇವಾ ಪುಸ್ತಕದ ಪ್ರತಿ, ಜೊತೆಗೆ ನಿಮಗಿಂತ ಹಿರಿಯರಾದ, ನಿಮ್ಮ ಹುಟ್ಟಿನ ವಿಷಯ ನೇರವಾಗಿ ತಿಳಿದ ಬಂಧುಗಳ ಅಫಿಡವಿಟ್. ಅಫಿಡವಿಟ್‌ನಲ್ಲಿ ಬರೀ "ಇವರು ನನಗೆ ಗೊತ್ತು" ಎಂದರೆ ಏನೂ ಪ್ರಯೋಜನವಿಲ್ಲ. ಬರೆದವರ ಹೆಸರು, ವಿಳಾಸ, ಅವರು ಹುಟ್ಟಿದ ತಾರೀಖು ಮತ್ತು ಊರು, ನಿಮಗೆ ಅವರು ಏನಾಗಬೇಕು, ಆ ಹುಟ್ಟಿನ ವಿಷಯ ಅವರಿಗೆ ಹೇಗೆ ಗೊತ್ತು ಎಲ್ಲವೂ ಇರಬೇಕು. ಎಂಬತ್ತು ದಾಟಿದ ಸೋದರಮಾವನೋ ದೊಡ್ಡಮ್ಮನೋ ಇದ್ದರೆ ಈ ಕೆಲಸ ಇವತ್ತೇ ಮಾಡಿಸಿ. ಎರಡು ವರ್ಷ ಬಿಟ್ಟು ಹೇಳುವವರು ಇರುತ್ತಾರೋ ಇಲ್ಲವೋ.

ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ಅರವತ್ತೆಂಟನೇ ವಯಸ್ಸಿನಲ್ಲಿ ತಡವಾದ ನೋಂದಣಿ ಮಾಡಿಸಿ, ಹೊಚ್ಚ ಹೊಸ ಜನನ ಪತ್ರ ತೆಗೆದುಕೊಂಡು ಅದನ್ನೊಂದೇ ಲಗತ್ತಿಸುತ್ತಾರೆ. ಪತ್ರ ಕಾನೂನುಬದ್ಧವೇ. ಆದರೆ ಕಳೆದ ತಿಂಗಳು ನೋಂದಣಿಯಾದ ಕಾಗದಕ್ಕಿಂತ ಐವತ್ತು ವರ್ಷ ಹಿಂದಿನ ಶಾಲಾ ದಾಖಲೆಗೆ ವೀಸಾ ಅಧಿಕಾರಿ ಹೆಚ್ಚು ಬೆಲೆ ಕೊಡುತ್ತಾರೆ, ಏಕೆಂದರೆ ಅದನ್ನು ವೀಸಾಕ್ಕಾಗಿ ಮಾಡಿಸಿದ್ದು ಎನ್ನುವ ಅನುಮಾನಕ್ಕೆ ಆಸ್ಪದವಿಲ್ಲ. ತಡವಾದ ನೋಂದಣಿ ಮಾಡಿಸಿದ್ದರೂ ಹಳೆಯ ದಾಖಲೆಗಳನ್ನು ಜೊತೆಗಿಡಿ. ಮಕ್ಕಳ ಜನನ ಪತ್ರದಲ್ಲೂ ಒಂದು ತೊಡಕಿದೆ. ಆಸ್ಪತ್ರೆಯಿಂದ ನೋಂದಣಿಯಾದಾಗ ನಾಮಕರಣ ಆಗಿರುವುದಿಲ್ಲ, ಹೆಸರಿನ ಜಾಗ ಖಾಲಿ ಉಳಿಯುತ್ತದೆ. ಹೆಸರಿಲ್ಲದ ಪತ್ರದಿಂದ ಅದು ನಿಮ್ಮದೇ ಮಗನದು ಎಂದು ತೋರಿಸಲಾಗದು. ನೋಂದಣಿ ಕಚೇರಿಯಲ್ಲಿ ಹೆಸರು ಸೇರಿಸಿಸಿ, ಹೊಸ ಪ್ರತಿ ತೆಗೆದುಕೊಳ್ಳಿ.

ಇನ್ನು ಹೆಸರು. ನಮ್ಮ ಕಡೆಯ ಹೆಸರುಗಳಿಗೂ ಅಮೆರಿಕದ ಫಾರಂಗಳಿಗೂ ಹೊಂದಿಕೆಯೇ ಇಲ್ಲ. ಸರೋಜಮ್ಮ ಎನ್ನುವವರನ್ನು ತೆಗೆದುಕೊಳ್ಳಿ. ಅಂಕಪಟ್ಟಿಯಲ್ಲಿ ಎಚ್. ಎನ್. ಸರೋಜ, ಮದುವೆ ಆಮಂತ್ರಣದಲ್ಲಿ ಸೌಭಾಗ್ಯವತಿ ಸರೋಜಾದೇವಿ, ಮಗನ ಜನನ ಪತ್ರದಲ್ಲಿ ಸರೋಜಮ್ಮ, ಪಾಸ್‌ಪೋರ್ಟಿನಲ್ಲಿ ಸರೋಜಾ ರಾಮಸ್ವಾಮಿ. ನಮಗೆ ಒಬ್ಬರೇ ಎಂದು ಒಂದು ಕ್ಷಣದಲ್ಲಿ ತಿಳಿಯುತ್ತದೆ. ಅಲ್ಲಿ ಕೂತು ಸ್ಕ್ಯಾನ್ ನೋಡುವವರಿಗೆ ನಾಲ್ಕು ಜನ. ಇದಕ್ಕೆ ಎರಡು ಮದ್ದು. ತಿದ್ದಬಹುದಾದ ದಾಖಲೆಗಳನ್ನು ಪಾಸ್‌ಪೋರ್ಟಿನ ಹೆಸರಿಗೆ ತನ್ನಿ. ತಿದ್ದಲಾಗದ ಹಳೆಯವಕ್ಕೆ, ಈ ನಾಲ್ಕೂ ಹೆಸರು ಒಬ್ಬರದೇ ಎಂದು ಒಂದೊಂದನ್ನೂ ದಾಖಲೆಯ ಹೆಸರಿನ ಸಮೇತ ನಮೂದಿಸಿದ ಅಫಿಡವಿಟ್ ಮಾಡಿಸಿ. ಐ-130ರಲ್ಲೂ, ಇಮಿಗ್ರಂಟ್ ವೀಸಾಕ್ಕೆ ತುಂಬುವ ಡಿಎಸ್-260 ಫಾರಂನಲ್ಲೂ ಬೇರೆ ಬಳಸಿದ ಹೆಸರುಗಳನ್ನು ಕೇಳುವ ಜಾಗವಿದೆ. ಈ ಹೆಸರುಗಳೆಲ್ಲ ಅಲ್ಲಿ ಬರಬೇಕು.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇರುವವರು ಇನ್ನೂ ಎಚ್ಚರವಾಗಿರಬೇಕು. ಇಡೀ ಹೆಸರು ಗಿವನ್ ನೇಮ್ ಸಾಲಿನಲ್ಲಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ, ಮೊದಲ ಹೆಸರಿನ ಜಾಗದಲ್ಲಿ ಎಫ್ಎನ್‌ಯು ಎಂದು ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಮುಂದೆ ಗ್ರೀನ್ ಕಾರ್ಡ್, ಬ್ಯಾಂಕ್ ಖಾತೆ, ಆಸ್ಪತ್ರೆಯ ಕಾರ್ಡ್ ಎಲ್ಲದರಲ್ಲೂ ಅದೇ ಹೆಸರು ಹಿಂಬಾಲಿಸುತ್ತದೆ. ಡಿಎಸ್-260 ತುಂಬುವ ಮೊದಲೇ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳುವುದು ಒಳ್ಳೆಯದು. ಇನಿಷಿಯಲ್ ಬಿಡಿಸಿ ಬರೆಯುವಾಗ ಊರಿನ ಹೆಸರು, ತಂದೆಯ ಹೆಸರು ಎರಡನ್ನೂ ಹೇಗೆ ಬರೆಯುತ್ತೀರಿ ಎಂದು ಒಮ್ಮೆ ತೀರ್ಮಾನಿಸಿ, ಆಮೇಲೆ ಎಲ್ಲೂ ಬದಲಾಯಿಸಬೇಡಿ.

ಕನ್ನಡದಲ್ಲಿರುವ ದಾಖಲೆಗೆ ಇಂಗ್ಲಿಷ್ ಅನುವಾದ ಬೇಕು. ಅನುವಾದ ಸರಿಯಾಗಿದೆ, ಎರಡೂ ಭಾಷೆ ನನಗೆ ಚೆನ್ನಾಗಿ ಬರುತ್ತದೆ ಎಂದು ಅನುವಾದಕರು ಹೆಸರು, ಸಹಿ, ವಿಳಾಸ, ತಾರೀಖು ಹಾಕಿ ದೃಢೀಕರಿಸಬೇಕು. ಮುಖ್ಯ ವಿಷಯ ಮಾತ್ರವಲ್ಲ, ಮೊಹರಿನಲ್ಲಿರುವ ಅಕ್ಷರ, ಅಂಚಿನಲ್ಲಿ ಗೀಚಿದ ಷರಾ ಕೂಡ ಅನುವಾದವಾಗಬೇಕು.

ಮದುವೆಯ ದಾಖಲೆಯಲ್ಲಿ ಕಲ್ಯಾಣ ಮಂಟಪದ ರಸೀದಿ, ದೇವಸ್ಥಾನದ ಚೀಟಿ ನಡೆಯುವುದಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರ ಬೇಕು. 1975ರಲ್ಲಿ ಮದುವೆಯಾದವರೂ ಹಿಂದೂ ವಿವಾಹ ಕಾಯ್ದೆಯಡಿ ಈಗ ನೋಂದಣಿ ಮಾಡಿಸಬಹುದು. ಸಾಕ್ಷಿಗಳು, ವಿಳಾಸ ಮತ್ತು ವಯಸ್ಸಿನ ದಾಖಲೆ ಬೇಕು, ಮದುವೆಯ ಫೋಟೋ ಅಥವಾ ಲಗ್ನಪತ್ರಿಕೆ ಸಿಕ್ಕರೆ ತೆಗೆದುಕೊಂಡು ಹೋಗಿ. ಪತ್ರದಲ್ಲಿ ಮದುವೆ ನಡೆದ ತಾರೀಖು ಮತ್ತು ನೋಂದಣಿಯಾದ ತಾರೀಖು ಬೇರೆ ಬೇರೆ ಇರುತ್ತವೆ. ಫಾರಂನಲ್ಲಿ ಬರೆಯಬೇಕಾದದ್ದು ಮದುವೆ ನಡೆದ ತಾರೀಖು. ಹೊಸ ದಂಪತಿಗಳಿಗೆ ಪತ್ರ ಒಂದೇ ಸಾಲದು. ಮದುವೆಯ, ಎರಡೂ ಮನೆಯವರು ಸೇರಿದ ಫೋಟೋಗಳು, ಜೊತೆ ಓಡಾಡಿದ ಟಿಕೆಟ್ಟು, ಕರೆ ಮತ್ತು ಸಂದೇಶಗಳ ದಾಖಲೆ, ಬ್ಯಾಂಕ್ ಮತ್ತು ವಿಮೆಯ ನಾಮಿನಿ ಪತ್ರ ಸೇರಿಸಬೇಕು. ಹಿಂದೆ ಮದುವೆಯಾಗಿ ಬಿಡುಗಡೆಯಾಗಿದ್ದರೆ ಕೋರ್ಟಿನ ಡಿಕ್ರಿ ಬೇಕು, ಪಂಚಾಯ್ತಿಯಲ್ಲಿ ಬರೆದ ಕರಾರು ಪತ್ರದ ಮೇಲೆ ಭರವಸೆ ಇಡಬೇಡಿ. ಅಮೆರಿಕ ಪ್ರವೇಶಿಸುವ ದಿನ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವ ಗ್ರೀನ್ ಕಾರ್ಡ್ ಎರಡು ವರ್ಷದ್ದು. ಅದು ಮುಗಿಯುವ ಮುಂಚಿನ 90 ದಿನದೊಳಗೆ, ಅದನ್ನು ಕಾಯಂ ಮಾಡಿಸುವ ಐ-751 ಅರ್ಜಿ ಹಾಕಬೇಕು.

ಪೊಲೀಸ್ ಕ್ಲಿಯರೆನ್ಸ್, ಅಂದರೆ ಪಿಸಿಸಿ, 16 ತುಂಬಿದ ಎಲ್ಲರಿಗೂ ಬೇಕು. ಬಡಾವಣೆಯ ಪೊಲೀಸ್ ಠಾಣೆಯ ಪತ್ರ ಇದಕ್ಕೆ ಆಗುವುದಿಲ್ಲ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಿ, 500 ರೂಪಾಯಿ ಕಟ್ಟಿ, ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಸಮಯ ತೆಗೆದುಕೊಳ್ಳಿ. ಪಾಸ್‌ಪೋರ್ಟಿನ ವಿಳಾಸ ಹಳೆಯದಾಗಿದ್ದರೆ ಪೊಲೀಸ್ ಪರಿಶೀಲನೆಗೆ ಸಮಯ ಹಿಡಿಯುತ್ತದೆ. ಎನ್‌ವಿಸಿ ಲೆಕ್ಕದಲ್ಲಿ ಪಿಸಿಸಿ ಎರಡು ವರ್ಷ ನಡೆಯುತ್ತದೆ, ಆದ್ದರಿಂದ ಸರದಿಯ ವರ್ಗದವರು ಇದನ್ನು ಮೊದಲೇ ಮಾಡಿಸಿದರೆ ವ್ಯರ್ಥ. ದುಬೈ, ಕುವೈತ್, ಸೌದಿಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇದ್ದು ಬಂದ ಅಪ್ಪಂದಿರು ಆ ದೇಶದ ಪಿಸಿಸಿಯನ್ನೂ ಕೊಡಬೇಕಾಗುತ್ತದೆ. ತರಿಸಲು ತಿಂಗಳುಗಳೇ ಬೇಕಾಗಬಹುದು, ಅದನ್ನು ಮೊದಲು ಶುರು ಮಾಡಿ.

ಹಣದ ಕಾಗದ ಮಗನದು: ಐ-864, ಅಂದರೆ ಮೇಲೆ ಹೇಳಿದ ಆರ್ಥಿಕ ಬೆಂಬಲದ ಅಫಿಡವಿಟ್. ಅಮೆರಿಕ ಸರ್ಕಾರದ ಬಡತನ ರೇಖೆಯ 125 ಪ್ರತಿಶತದಷ್ಟು ವರಮಾನ ತೋರಿಸಬೇಕು. ತಲೆ ಎಣಿಸುವುದರಲ್ಲೇ ತಪ್ಪಾಗುತ್ತದೆ. ಮಗ, ಸೊಸೆ, ಎರಡು ಮಕ್ಕಳು, ಬರುತ್ತಿರುವ ಅಪ್ಪ-ಅಮ್ಮ ಸೇರಿ ಆರು. 2025ರ ಕೋಷ್ಟಕದಲ್ಲಿ ಆರು ಜನಕ್ಕೆ 53,937 ಡಾಲರ್, ನಾಲ್ಕು ಜನಕ್ಕೆ 40,187, ಇಬ್ಬರಿಗೆ 26,437. ಅಲಾಸ್ಕಾ, ಹವಾಯಿಗೆ ಬೇರೆ ಲೆಕ್ಕ. ಹಿಂದೆ ಯಾರಿಗಾದರೂ ಐ-864 ಸಹಿ ಹಾಕಿದ್ದು ಆ ಹೊಣೆ ಮುಗಿದಿಲ್ಲದಿದ್ದರೆ ಅವರನ್ನೂ ಎಣಿಸಬೇಕು. ವರಮಾನ ಸಾಲದಿದ್ದರೆ ಅಮೆರಿಕದಲ್ಲಿ ನೆಲೆಸಿದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವ ಇನ್ನೊಬ್ಬರು ಜಂಟಿ ಸ್ಪಾನ್ಸರ್ ಆಗಬಹುದು. ಹಾಗೆ ಸಹಿ ಹಾಕಲು ಸ್ನೇಹಿತರನ್ನು ಕೇಳುವ ಮೊದಲು ಅದರ ತೂಕ ಅವರಿಗೆ ಹೇಳಿ. ಬಂದವರು ಪ್ರಜೆಯಾಗುವವರೆಗೆ, ಅಥವಾ ಸುಮಾರು ಹತ್ತು ವರ್ಷದ ದುಡಿಮೆಗೆ ಸಮವಾದ 40 ತ್ರೈಮಾಸಿಕ ಅವರ ಲೆಕ್ಕಕ್ಕೆ ಸೇರುವವರೆಗೆ, ಇಲ್ಲವೇ ಅವರು ದೇಶ ಬಿಡುವ ಅಥವಾ ತೀರಿಕೊಳ್ಳುವವರೆಗೆ ಆ ಹೊಣೆ ತಪ್ಪದು. ವಿಚ್ಛೇದನವಾದರೂ ತಪ್ಪದು.

ಬೆಂಗಳೂರಿಗೇ ವಿಶೇಷವಾದ ಒಂದು ಪರಿಸ್ಥಿತಿ ಇದೆ. ಅಮೆರಿಕದ ಪ್ರಜೆಯಾಗಿ ಇಲ್ಲಿಗೆ ಹಿಂದಿರುಗಿ, ವೈಟ್‌ಫೀಲ್ಡಿನಲ್ಲೋ ಸರ್ಜಾಪುರ ರಸ್ತೆಯಲ್ಲೋ ಮನೆ ಮಾಡಿ, ಈಗ ಹೆಂಡತಿಯ ಸಮೇತ ಮತ್ತೆ ಹೋಗಬೇಕೆನ್ನುವವರು. ಐ-130 ಇಲ್ಲಿಂದಲೇ ಆನ್‌ಲೈನ್ ಹಾಕಬಹುದು. ಕೇಸು ನಿಲ್ಲುವುದು ಐ-864ರಲ್ಲಿ, ಏಕೆಂದರೆ ಸ್ಪಾನ್ಸರ್‌ಗೆ ಅಮೆರಿಕದಲ್ಲಿ ವಾಸ್ತವ್ಯ ಇರಬೇಕು. ಹೆಂಡತಿಯ ಜೊತೆಗೆ ಅಥವಾ ಅವಳಿಗಿಂತ ಮೊದಲು ಅಲ್ಲಿ ನೆಲೆಸುತ್ತೇನೆ ಎಂದು ತೋರಿಸುವ ಗಟ್ಟಿ ಕಾಗದ ಬೇಕು: ಉದ್ಯೋಗದ ಆಫರ್, ಮನೆ ಬಾಡಿಗೆ ಕರಾರು, ಮಕ್ಕಳ ಶಾಲಾ ಪ್ರವೇಶ, ಚಾಲ್ತಿಯಲ್ಲಿರುವ ಬ್ಯಾಂಕ್ ಖಾತೆ, ಮತದಾರರ ನೋಂದಣಿ. ಬೆಂಗಳೂರಿನ ಕಂಪನಿಯ ಸಂಬಳ, ಅಲ್ಲಿ ಹೋದ ಮೇಲೂ ಅದೇ ಮೂಲದಿಂದ ಮುಂದುವರಿಯುತ್ತದೆ ಎಂದು ತೋರಿಸಲಾಗದಿದ್ದರೆ, ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ವಾಸವಿದ್ದ ವರ್ಷಗಳಲ್ಲೂ ಅಮೆರಿಕದ ತೆರಿಗೆ ರಿಟರ್ನ್ ಸಲ್ಲಿಸಿರಬೇಕು. ಸಲ್ಲಿಸದವರು ಅದನ್ನು ಸರಿಪಡಿಸಿಕೊಂಡು ಬರುವವರೆಗೆ ಕೇಸು ಮುಂದೆ ಸರಿಯುವುದು ಕಷ್ಟ.

ಡಿಎಸ್-260ರಲ್ಲಿ 16ನೇ ವಯಸ್ಸಿನಿಂದ ವಾಸವಿದ್ದ ಎಲ್ಲ ವಿಳಾಸ ಕೇಳುತ್ತಾರೆ. ಎಪ್ಪತ್ತರ ಅಮ್ಮನಿಗೆ ಅದು ಹಾಸನದ ತವರು, ಗಂಡನ ವರ್ಗಾವಣೆಯ ಕ್ವಾರ್ಟರ್ಸುಗಳು, ರಾಜಾಜಿನಗರದ ಬಾಡಿಗೆ ಮನೆ, ಈಗಿನ ಸ್ವಂತ ಮನೆ. ತಿಂಗಳು, ವರ್ಷ ಸಮೇತ ಒಂದು ಹಾಳೆಯಲ್ಲಿ ಬರೆದುಕೊಂಡು ಮಗನಿಗೆ ಕಳಿಸಿ, ಅವನು ಅಂದಾಜಿನಲ್ಲಿ ತುಂಬುವುದು ಬೇಡ. ಐದು ವರ್ಷದ ಸೋಷಿಯಲ್ ಮೀಡಿಯಾ ಖಾತೆಗಳನ್ನೂ ಕೇಳುತ್ತಾರೆ, ಬಳಸುತ್ತಿದ್ದರೆ ಬರೆಯಬೇಕು. ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಬೇಕೇ ಎಂಬಲ್ಲಿ ಹೌದು ಎಂದು ಗುರುತು ಮಾಡಿ, ಅಲ್ಲಿ ಹೋದ ಮೇಲೆ ಒಂದು ಓಡಾಟ ಉಳಿಯುತ್ತದೆ. ಎನ್‌ವಿಸಿ ಖಾತೆಗೆ ವರ್ಷಕ್ಕೊಮ್ಮೆಯಾದರೂ ಲಾಗಿನ್ ಆಗಿ. ಒಂದು ವರ್ಷ ಸಂಪರ್ಕವೇ ಇಲ್ಲದಿದ್ದರೆ ಕೇಸು ರದ್ದು ಮಾಡುವ ಅಧಿಕಾರ ಅವರಿಗಿದೆ.

ವೈದ್ಯಕೀಯ ಪರೀಕ್ಷೆಯನ್ನು ಕಾನ್ಸುಲೇಟ್ ಪಟ್ಟಿಯಲ್ಲಿರುವ ವೈದ್ಯರಲ್ಲೇ ಮಾಡಿಸಬೇಕು, ಮನೆ ಡಾಕ್ಟರ ಪತ್ರ ನಡೆಯುವುದಿಲ್ಲ. ಹೆಚ್ಚು ತೊಡಕಾಗುವುದು ಕ್ಷಯದ ತಪಾಸಣೆಯಲ್ಲಿ. ಎದೆಯ ಎಕ್ಸ್‌ರೇಯಲ್ಲಿ ಹಳೆಯ ಕಲೆ ಕಂಡರೂ ಕಫದ ಕಲ್ಚರ್ ಕೇಳುತ್ತಾರೆ, ಅದರ ಫಲಿತಾಂಶಕ್ಕೆ ಎಂಟು ವಾರ ಹಿಡಿಯುತ್ತದೆ. ಆದ್ದರಿಂದ ಸಂದರ್ಶನದ ತಾರೀಖು ಬಂದ ಕೂಡಲೇ ಪರೀಕ್ಷೆಗೆ ಹೋಗಿ. ಹಿಂದೆ ಕ್ಷಯ ಬಂದು ವಾಸಿಯಾಗಿದ್ದರೆ ಮುಚ್ಚಿಡದೆ ಹಳೆಯ ಎಕ್ಸ್‌ರೇ, ಚಿಕಿತ್ಸೆಯ ಚೀಟಿ ಒಯ್ಯಿರಿ. ಬಿಪಿ, ಸಕ್ಕರೆ ಕಾಯಿಲೆ ವೈದ್ಯಕೀಯ ನಿರಾಕರಣೆಯ ಪಟ್ಟಿಯಲ್ಲಿಲ್ಲ. ಆದರೆ ಮುಂದೆ ಸರ್ಕಾರದ ಮೇಲೆ ಹೊರೆಯಾಗುತ್ತಾರೆಯೇ ಎಂದು ತೀರ್ಮಾನಿಸುವಾಗ ಅಧಿಕಾರಿ ವಯಸ್ಸು, ಆರೋಗ್ಯ, ಆಸ್ತಿ ಎಲ್ಲವನ್ನೂ ನೋಡಬಹುದು. ಮಗನ ಆದಾಯ, ಅಲ್ಲಿ ತೆಗೆದುಕೊಳ್ಳಲಿರುವ ಆರೋಗ್ಯ ವಿಮೆಯ ವಿವರ, ನಿಮ್ಮ ಪಿಂಚಣಿ, ಠೇವಣಿಯ ಕಾಗದ ಕೈಯಲ್ಲಿರಲಿ.

ಸಂದರ್ಶನ ಸಾಮಾನ್ಯವಾಗಿ ಚಿಕ್ಕದು. ಎಲ್ಲ ಮೂಲ ದಾಖಲೆ, 2 ಇಂಚು ಚದರದ ಫೋಟೋ, ಕನಿಷ್ಠ ಆರು ತಿಂಗಳು ಚಾಲ್ತಿಯಿರುವ ಪಾಸ್‌ಪೋರ್ಟ್ ಒಯ್ಯಬೇಕು. ಕೇಳಿದ್ದಕ್ಕೆ ಮಾತ್ರ ಉತ್ತರಿಸಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. 221(ಜಿ) ಎಂದು ಬರೆದ ಚೀಟಿ ಕೊಟ್ಟರೆ ಎದೆಗುಂದಬೇಡಿ. ಬಹಳ ಸಲ ಅದರ ಅರ್ಥ ಒಂದು ಕಾಗದ ಬಾಕಿ ಇದೆ ಎಂದಷ್ಟೇ. ಚೀಟಿಯಲ್ಲಿ ಗುರುತು ಹಾಕಿದ್ದನ್ನು ಅವರು ಹೇಳಿದ ರೀತಿಯಲ್ಲೇ ಕೊಡಿ.

ಐ-130 ಬಾಕಿ ಇರುವಾಗ ಮೊಮ್ಮಗುವಿನ ಬಾಣಂತನಕ್ಕೆಂದು ಟೂರಿಸ್ಟ್ ವೀಸಾದಲ್ಲಿ ಹೋಗಬಹುದೇ? ಹಳೆಯ ವೀಸಾ ಇದ್ದರೆ ಹೋಗಬಾರದೆಂಬ ನಿಯಮವಿಲ್ಲ, ಆದರೆ ವಿಮಾನ ನಿಲ್ದಾಣದ ಅಧಿಕಾರಿ ಹಿಂದಿರುಗುವಿರಾ ಎಂದು ಪ್ರಶ್ನಿಸಬಹುದು. ಹೊಸ ವೀಸಾಕ್ಕೆ ಡಿಎಸ್-160 ತುಂಬುವಾಗ, ನಿಮ್ಮ ಹೆಸರಿನಲ್ಲಿ ಇಮಿಗ್ರಂಟ್ ಅರ್ಜಿ ಇದೆಯೇ ಎಂಬ ನೇರ ಪ್ರಶ್ನೆ ಇರುತ್ತದೆ. ಹೌದು ಎಂದರೆ ವೀಸಾ ಸಿಗದಿರಬಹುದು. ಇಲ್ಲ ಎಂದು ಸುಳ್ಳು ಬರೆದರೆ ಟೂರಿಸ್ಟ್ ವೀಸಾ ಜೊತೆಗೆ ಗ್ರೀನ್ ಕಾರ್ಡ್ ಕೂಡ ಶಾಶ್ವತವಾಗಿ ಕೈತಪ್ಪಬಹುದು. ಯಾವ ಏಜೆಂಟ್ ಏನೇ ಹೇಳಿದರೂ ಈ ಒಂದು ಪ್ರಶ್ನೆಗೆ ಸುಳ್ಳು ಬರೆಯಬೇಡಿ.

ವೀಸಾ ಸಾಮಾನ್ಯವಾಗಿ ವೈದ್ಯಕೀಯ ಪರೀಕ್ಷೆಯ ದಿನದಿಂದ ಆರು ತಿಂಗಳು ನಡೆಯುತ್ತದೆ, ಅಷ್ಟರೊಳಗೆ ಪ್ರವೇಶಿಸಬೇಕು. ಹೊರಡುವ ಮೊದಲು 235 ಡಾಲರ್ ಕಟ್ಟಿ. ಪ್ರವೇಶದ ಮುದ್ರೆ ಬಿದ್ದ ವೀಸಾವೇ ಒಂದು ವರ್ಷ ಗ್ರೀನ್ ಕಾರ್ಡಿನಂತೆ ನಡೆಯುತ್ತದೆ. ಇಲ್ಲಿಯ ವ್ಯವಸ್ಥೆಯನ್ನೂ ಮರೆಯಬೇಡಿ. ಅಲ್ಲಿ ನೆಲೆಸಲು ಹೋದವರ ಉಳಿತಾಯ ಖಾತೆಯನ್ನು ಎನ್ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಬೇಕು, ಬಡ್ಡಿಯ ಮೇಲೆ ತೆರಿಗೆ ಕಡಿಯಬೇಡಿ ಎಂದು ಹಿರಿಯರು ಬ್ಯಾಂಕಿಗೆ ಕೊಡುವ ಫಾರಂ ಇನ್ನು ಕೊಡುವಂತಿಲ್ಲ. ಇರುವ ಕೃಷಿ ಭೂಮಿ ಇಟ್ಟುಕೊಳ್ಳಬಹುದು, ಹೊಸದಾಗಿ ಕೊಳ್ಳುವಂತಿಲ್ಲ. ಇಲ್ಲಿಯ ಪಿಂಚಣಿ, ಬಾಡಿಗೆ, ಬಡ್ಡಿ ಎಲ್ಲ ಅಮೆರಿಕದ ತೆರಿಗೆ ರಿಟರ್ನ್‌ನಲ್ಲಿ ಬರಬೇಕು. ಇಲ್ಲಿಯ ಖಾತೆಗಳಲ್ಲಿ ಒಟ್ಟು ಮೊತ್ತ ವರ್ಷದಲ್ಲಿ ಯಾವ ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಎಂಬ ಪ್ರತ್ಯೇಕ ವರದಿ ಸಲ್ಲಿಸಬೇಕು.

ಕೊನೆಯದಾಗಿ ಮಕ್ಕಳಿಗೆ ಒಂದು ಮಾತು. ಅರ್ಜಿ ಹಾಕುವ ಮೊದಲು ಅಪ್ಪ-ಅಮ್ಮನನ್ನು ಕೂರಿಸಿ ಕೇಳಿ: ನೀವು ಅಲ್ಲಿ ವಾಸ ಮಾಡಲು ಸಿದ್ಧರಿದ್ದೀರಾ? ಗ್ರೀನ್ ಕಾರ್ಡ್ ವಾಸಕ್ಕಾಗಿ ಕೊಡುವುದು. ವರ್ಷದಲ್ಲಿ ಎರಡು ತಿಂಗಳು ಮೊಮ್ಮಕ್ಕಳ ಜೊತೆ ಇದ್ದು, ಉಳಿದ ಹತ್ತು ತಿಂಗಳು ಬಸವನಗುಡಿಯ ಮನೆಯಲ್ಲಿ ಇರಬೇಕೆನ್ನುವವರಿಗೆ ಹತ್ತು ವರ್ಷದ ಟೂರಿಸ್ಟ್ ವೀಸಾವೇ ಹೊಂದುತ್ತದೆ ಎನ್ನುವುದು ನಮ್ಮ ಅಭಿಪ್ರಾಯ. 65 ದಾಟಿದ್ದರೂ ಅಲ್ಲಿ ದುಡಿದ ದಾಖಲೆ ಇಲ್ಲದವರು ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಕೊಳ್ಳಲು ಗ್ರೀನ್ ಕಾರ್ಡ್ ಪಡೆದು ಐದು ವರ್ಷ ಸತತ ವಾಸವಿರಬೇಕು. ಅಲ್ಲಿಯವರೆಗಿನ ಆರೋಗ್ಯ ವಿಮೆಯ ಖರ್ಚನ್ನು ಈಗಲೇ ವಿಚಾರಿಸಿಕೊಳ್ಳಿ. ಆರು ತಿಂಗಳಿಗಿಂತ ಹೆಚ್ಚು ಕಾಲ ಬೆಂಗಳೂರಿನಲ್ಲಿದ್ದು ಹಿಂದಿರುಗಿದರೆ ವಿಮಾನ ನಿಲ್ದಾಣದಲ್ಲಿ ಪ್ರಶ್ನೆಗಳು ಶುರುವಾಗುತ್ತವೆ. ವರ್ಷ ದಾಟಿದರೆ ಕಾರ್ಡ್ ತೋರಿಸಿ ಒಳಗೆ ಹೋಗಲಾಗದು. ಅಲ್ಲಿ ಐ-407 ಎಂಬ ಫಾರಂ ಮುಂದಿಟ್ಟರೆ ಅದು ಗ್ರೀನ್ ಕಾರ್ಡನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವ ಫಾರಂ, ಸಹಿ ಹಾಕಲೇಬೇಕೆಂದಿಲ್ಲ. ವಲಸೆ ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುವ ಹಕ್ಕು ನಿಮಗಿದೆ. ಶಸ್ತ್ರಚಿಕಿತ್ಸೆಗೋ ಮನೆ ಮಾರಾಟಕ್ಕೋ ಒಂದು ವರ್ಷಕ್ಕಿಂತ ಹೆಚ್ಚು ಇಲ್ಲಿ ಇರಬೇಕಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಐ-131 ಹಾಕಿ ರೀ-ಎಂಟ್ರಿ ಪರ್ಮಿಟ್ ತೆಗೆದುಕೊಳ್ಳಿ, ಸಾಮಾನ್ಯವಾಗಿ ಎರಡು ವರ್ಷಕ್ಕೆ ಕೊಡುತ್ತಾರೆ. ಆ ಅರ್ಜಿ ಹಾಕುವಾಗ ಅಮೆರಿಕದೊಳಗೆ ಇರಬೇಕು, ಬೆರಳಚ್ಚನ್ನೂ ಅಲ್ಲೇ ಕೊಟ್ಟು ಹೊರಡಿ. ಬೆಂಗಳೂರಿಗೆ ಬಂದಿಳಿದ ಮೇಲೆ ಅದನ್ನು ಹಾಕಲು ಬರುವುದಿಲ್ಲ.